ಒದ್ದೆಯಾಗದ ಮೇಷ್ಟ್ರು

ಬೆಳಗ್ಗೆ ಒಂಬತ್ತು ಗಂಟೆಗೆ ಈಜುಕೊಳದ ಮ್ಯಾನೇಜರು ನೋಟಿಸ್ ಬೋರ್ಡಿಗೆ ಒಂದು ಕಾಗದ ಅಂಟಿಸಿ, ಅದರ ನಾಲ್ಕು ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿದರು. ಅವರು ಒತ್ತಿದ್ದು ಕಾಗದವನ್ನು. ಉಸಿರು ಕಟ್ಟಿದ್ದು ಮಾತ್ರ ಹಿಂದೆ ನಿಂತು ಓದುತ್ತಿದ್ದ ಮೇಷ್ಟ್ರಿಗೆ.

'ಇಂದು ಸಂಜೆ ನಾಲ್ಕು ಗಂಟೆಗೆ ಕೇಂದ್ರ ಕಚೇರಿಯ ಅಧಿಕಾರಿಗಳು ಬಂದು, ತರಬೇತುದಾರರಿಗೆ ಈಜು ಬರುತ್ತದೆಯೋ ಇಲ್ಲವೋ ಎಂಬುದನ್ನು ಖುದ್ದಾಗಿ ಪರಿಶೀಲಿಸುವರು.'

"ನೋಡಿದ್ರಾ ಮೇಷ್ಟ್ರೇ?" ಮ್ಯಾನೇಜರು ಹೊಟ್ಟೆ ಕುಲುಕಿಸಿ ನಕ್ಕರು. "ಮೀನಿಗೆ ಈಜು ಬರುತ್ತಾ ಅಂತ ನೋಡೋಕೆ ಅಷ್ಟು ದೂರದಿಂದ ಪೆಟ್ರೋಲ್ ಸುಟ್ಕೊಂಡು ಬರ್ತಾರಂತೆ! ಬಾರದೇ ಇರೋರನ್ನೆಲ್ಲ ಮನೆಗೆ ಕಳಿಸ್ತಾರೆ ಅಂತ ಕಾಣುತ್ತೆ. ಕಳಿಸಲಿ, ಒಳ್ಳೇದೇ. ನಮಗೇನು ಭಯ?"

"ನಮಗೇನು ಭಯ," ಎಂದರು ಮೇಷ್ಟ್ರು. ಭಯ ಇದ್ದದ್ದು ಅವರೊಬ್ಬರಿಗೇ. ಏಕೆಂದರೆ, ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಅವರು ಈ ಕೊಳಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಆಗಿನ ತರಬೇತುದಾರ ಒಂದು ದಿನ ಕಾಲು ಮುರಿದುಕೊಂಡ, ಅದೂ ನೀರಿನಲ್ಲಲ್ಲ, ಮನೆಯ ಮೆಟ್ಟಿಲ ಮೇಲೆ. "ಒಂದು ವಾರ ಸೀಟಿ ಹಿಡ್ಕೊಂಡು ನಿಂತಿರಪ್ಪ, ಮಕ್ಕಳು ಗಲಾಟೆ ಮಾಡದ ಹಾಗೆ ನೋಡ್ಕೊಂಡ್ರೆ ಸಾಕು," ಎಂದರು ಆಗಿನ ಮ್ಯಾನೇಜರು. ಆ ಒಂದು ವಾರ ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರು ಈಜಿನ ಮೇಲೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದರು. ಉದ್ದನೆಯ ಬಿದಿರು ಕೋಲು ಹಿಡಿದು ದಡದಲ್ಲೇ ನಿಂತು ನೋಡಿ ನೋಡಿ ಅವರ ಕಣ್ಣು ಎಷ್ಟು ಪಳಗಿತೆಂದರೆ, ಯಾರ ಮಂಡಿ ಎಷ್ಟು ಮಡಚಿದೆ ಎಂಬುದನ್ನು ಕೊಳದ ಆಚೆ ತುದಿಯಿಂದಲೇ ಹೇಳಿಬಿಡುತ್ತಿದ್ದರು. ಮೂರು ಸಾವಿರ ಜನ ಅವರ ಸೀಟಿಗೆ ಈಜು ಕಲಿತರು. ಮೇಷ್ಟ್ರು ಮಾತ್ರ ಒದ್ದೆಯಾಗಲಿಲ್ಲ.

ಯಾರಾದರೂ ಕೇಳಿದರೆ, "ಕಿವಿದು ಸ್ವಲ್ಪ ತೊಂದರೆ, ಡಾಕ್ಟ್ರು ನೀರು ಬೇಡ ಅಂದಿದಾರೆ," ಎನ್ನುತ್ತಿದ್ದರು. ವರ್ಷ ಕಳೆದಂತೆ ಆ ಕಿವಿಗೂ ಒಂದು ಕತೆ ಹುಟ್ಟಿಕೊಂಡಿತು. ಹರೆಯದಲ್ಲಿ ಮೇಷ್ಟ್ರು ತುಂಬಿ ಹರಿಯುವ ನದಿಯನ್ನು ಈಜಿ ದಾಟುವಾಗ ಮರದ ದಿಮ್ಮಿ ಬಡಿದು ಕಿವಿಗೆ ಪೆಟ್ಟಾಯಿತಂತೆ. ಈ ಕತೆ ಹುಟ್ಟಿಸಿದವರು ಮೇಷ್ಟ್ರಲ್ಲ. ಆದರೆ ಯಾರಾದರೂ ಅದನ್ನು ಹೇಳುವಾಗ ಅವರು ಎದ್ದು ಹೋಗುತ್ತಲೂ ಇರಲಿಲ್ಲ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಪ್ರತಿ ಹೊಸ ತಂಡಕ್ಕೂ ಮೊದಲ ದಿನ ಮೇಷ್ಟ್ರು ಹತ್ತು ನಿಮಿಷ ಭಾಷಣ ಮಾಡುತ್ತಿದ್ದರು. "ಕಲಿಯೋದಕ್ಕೆ ವಯಸ್ಸಿಲ್ಲ. ನಿಮಗಷ್ಟೇ ಅಲ್ಲ, ನನಗೂ. ಕಲಿಸೋನು ಕಲಿಯೋದು ನಿಲ್ಲಿಸಿದ ದಿನ ಸೀಟಿ ಕೆಳಗಿಡಬೇಕು," ಎಂದು ಮುಗಿಸಿ, ಸೀಟಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಭಾಷಣ ಅವರಿಗೆ ನಿಜಕ್ಕೂ ಇಷ್ಟ. ಕೇಂದ್ರ ಕಚೇರಿಯ ಮಹಡಿಯ ಮೇಲೆ ತರಬೇತುದಾರರಿಗೇ ಪಾಠ ಹೇಳುವ ಒಂದು ಕೋಣೆಯಿತ್ತು. ಫ್ಯಾನು, ಕರಿಹಲಗೆ, ಮೆತ್ತೆ ಹಾಕಿದ ಕುರ್ಚಿ, ಬೆಚ್ಚಗೆ ಒಣಗಿದ ನೆಲ. ಆ ಕುರ್ಚಿಗಾಗಿ ಮೇಷ್ಟ್ರು ನಾಲ್ಕು ಸಲ ಅರ್ಜಿ ಹಾಕಿದ್ದರು. ನಾಲ್ಕು ಸಲವೂ ಉತ್ತರ ಬಂದಿರಲಿಲ್ಲ.

ಈಗ ಕುರ್ಚಿಯ ಮಾತಿರಲಿ, ಇದ್ದ ಸೀಟಿಗೇ ಕುತ್ತು ಬಂದಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಕೆಲಸ ಹೋದರೆ ಮತ್ತೆ ಟೈಪ್ ಮಾಡಲು ಟೈಪ್‌ರೈಟರುಗಳೇ ಉಳಿದಿರಲಿಲ್ಲ.

ಮೊದಲು ಹೊಳೆದದ್ದು ಜ್ವರ. ಮೇಷ್ಟ್ರು ಟಿಕೆಟ್ ಕಿಟಕಿಗೆ ಹೋಗಿ, ಒಳಗೆ ಕೂತಿದ್ದ ಅಕ್ಕನಿಗೆ ಮೆಲ್ಲಗೆ ಹೇಳಿದರು. "ಮೈ ಯಾಕೋ ಬಿಸಿಯಾಗಿದೆ ಅಕ್ಕ. ರಜೆ ಚೀಟಿ ಒಂದು ಕೊಡಿ."

ಟಿಕೆಟ್ ಅಕ್ಕ ಕಿಟಕಿಯಿಂದ ಕೈ ಹೊರಹಾಕಿ ಅವರ ಹಣೆ ಮುಟ್ಟಿದಳು. "ಐಸ್ ಥರ ಇದೆಯಲ್ಲ ಮೇಷ್ಟ್ರೇ! ಇವತ್ತು ರಜೆ ಹಾಕಿದ್ರೆ ಆ ಅಧಿಕಾರಿ ಏನಂದ್ಕೊಳ್ತಾರೆ? ಈಜು ಬರಲ್ಲ ಅಂತಾನೇ ಅಂದ್ಕೊಳ್ತಾರೆ. ನೀವು ನದಿ ದಾಟಿದೋರು, ಒಂದ್ಸಲ ನೀರಿಗೆ ಬಿದ್ದು ತೋರಿಸಿಬಿಡಿ. ನಾವೂ ಯಾವಾಗ ನೋಡೋದು?"

ಬೀಳುವುದೇನೋ ಮೇಷ್ಟ್ರಿಗೂ ಬರುತ್ತಿತ್ತು, ಆಮೇಲಿನದು ಬರುತ್ತಿರಲಿಲ್ಲ. ಲೈಫ್‌ಗಾರ್ಡ್ ಆಗಲೇ ಸುದ್ದಿಯನ್ನು ಬೆಳಗಿನ ತಂಡಕ್ಕೆಲ್ಲ ಹಬ್ಬಿಸಿದ್ದ. ಆರಡಿ ಎತ್ತರದ ಆ ಗಡವ ಏಳು ವರ್ಷದವನಿದ್ದಾಗ ಇದೇ ಮೇಷ್ಟ್ರ ಕೋಲು ಹಿಡಿದು ಈಜು ಕಲಿತವನು. "ಸಂಜೆ ಮೇಷ್ಟ್ರು ನೀರಿಗಿಳೀತಾರೆ, ಎಲ್ಲ ಬನ್ನಿ!" ಎಂದು ಅವನು ಸಾರಿದ್ದನ್ನು ಕೇಳಿ ಮೇಷ್ಟ್ರಿಗೆ ನಿಜವಾಗಿಯೂ ಜ್ವರ ಬಂದಂತಾಯಿತು.

ಒಂದು ಗಂಟೆಗೆ ಕೊಳ ಖಾಲಿಯಾಯಿತು. ನಾಲ್ಕರವರೆಗೆ ಯಾರೂ ಬರುವುದಿಲ್ಲ. ಮೇಷ್ಟ್ರು ದಡದ ಕುರ್ಚಿಯಲ್ಲಿ ಕುಸಿದು ನೀರನ್ನೇ ನೋಡುತ್ತಿದ್ದರು. ನೀರು ಹತ್ತೊಂಬತ್ತು ವರ್ಷದಿಂದ ಹೇಗಿತ್ತೋ ಹಾಗೇ ತಣ್ಣಗೆ ಮಲಗಿತ್ತು.

"ಮೇಷ್ಟ್ರೇ."

ತಿರುಗಿ ನೋಡಿದರೆ ಹೆಡ್‌ಮಿಸ್ಸು. ಹುಡುಗಿಯರ ಶಾಲೆಯೊಂದರಲ್ಲಿ ಹೆಡ್‌ಮಿಸ್ಸಾಗಿ ನಿವೃತ್ತರಾದ ಆಕೆಗೆ ಅರವತ್ತೆಂಟು ವರ್ಷ. ಎರಡು ತಿಂಗಳ ಹಿಂದೆ ಬಂದು, "ನನಗೆ ಈಜು ಕಲೀಬೇಕು, ಬೇಗ ಹೇಳ್ಕೊಡಿ, ನನಗೆ ಟೈಮ್ ಕಮ್ಮಿ," ಎಂದಿದ್ದರು, ಕಲಿತೂ ಬಿಟ್ಟಿದ್ದರು. ಇವತ್ತು ಈಜು ಮುಗಿಸಿ, ತಲೆ ಒರೆಸಿಕೊಂಡು, ಕೈಚೀಲ ಹಿಡಿದು ನಿಂತಿದ್ದರು.

"ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು. ಹೋದ ತಿಂಗಳು ನಾನೊಂದು ಕಾಗದ..."

"ಕಾಗದದ ವಿಷಯ ಆಮೇಲೆ ನೋಡೋಣ ಅಮ್ಮ," ಎಂದರು ಮೇಷ್ಟ್ರು. ಬೆಳಗ್ಗೆ ಓದಿದ ಒಂದು ಕಾಗದವೇ ಅವರಿಗೆ ಸಾಕಾಗಿತ್ತು. "ಇವತ್ತು ನನ್ನ ತಲೆ ಸರಿ ಇಲ್ಲ."

"ಗೊತ್ತು. ನಿಮಗೆ ಈಜು ಬರಲ್ಲ."

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಯಾರು... ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಆವತ್ತು ನನ್ನ ಚಪ್ಪಲಿ ನೀರಿಗೆ ಬಿತ್ತಲ್ಲ, ಮಂಡಿ ಮಟ್ಟದ ನೀರು. ನೀವು ಕೋಲಲ್ಲಿ ಎಳೆದು ಕೊಟ್ಟು ಮೂರು ಹೆಜ್ಜೆ ಹಿಂದೆ ಹೋದ್ರಿ. ಹೋಂವರ್ಕ್ ಮಾಡದೆ ಬಂದ ಮಕ್ಕಳ ಮುಖ ಮೂವತ್ತಾರು ವರ್ಷ ನೋಡಿದೀನಿ. ಆ ಮುಖ ಮರೆಯೋಕಾಗುತ್ತಾ?"

ಮೇಷ್ಟ್ರು ತಲೆ ತಗ್ಗಿಸಿದರು. ಆದರೆ ತಗ್ಗಿಸಿದ ತಲೆಯೊಳಗೆ ಏನೋ ಹಗುರಾದಂತೆಯೂ ಅನಿಸಿತು. ಹೆಂಡತಿಗೂ ಹೇಳದ ಗುಟ್ಟು ಅದು.

"ಇನ್ನೂ ಮೂರು ಗಂಟೆ ಇದೆ," ಹೆಡ್‌ಮಿಸ್ಸು ಕೈಚೀಲ ಕೆಳಗಿಟ್ಟು, ಮೇಷ್ಟ್ರ ಕುರ್ಚಿಯಲ್ಲಿ ತಾವು ಕೂತು, ಮೇಷ್ಟ್ರ ಕೋಲು ಎತ್ತಿಕೊಂಡರು. "ಇಳೀರಿ. ನನಗೆ ಮಂಡಿ ನೋವು, ಇವತ್ತಿಂದು ನನ್ನ ಈಜು ಮುಗೀತು. ಇಲ್ಲಿಂದಲೇ ಹೇಳ್ಕೊಡ್ತೀನಿ."

"ಮೂರು ಗಂಟೇಲಿ ಆಗುತ್ತಾ ಅಮ್ಮ? ಈ ವಯಸ್ಸಲ್ಲಿ?"

"ಕಲಿಯೋದಕ್ಕೆ ವಯಸ್ಸಿಲ್ಲ ಅಂತ ಹತ್ತು ನಿಮಿಷ ಕೊರೆದಿದ್ರಲ್ಲ, ಅದು ಯಾರಿಗೆ?"

ಮೇಷ್ಟ್ರ ಬಳಿ ಈಜುಚಡ್ಡಿ ಇರಲಿಲ್ಲ. ಜನ ಮರೆತುಹೋದ ವಸ್ತುಗಳ ಪೆಟ್ಟಿಗೆ ತಡಕಾಡಿದಾಗ ಅವರ ಸುತ್ತಳತೆಗೆ ಸಿಕ್ಕಿದ್ದು ಒಂದೇ ಒಂದು: ಹಳದಿ ಬಣ್ಣದ್ದು, ಮೇಲೆಲ್ಲ ಬಾತುಕೋಳಿಗಳು. ಅದರ ಎಲಾಸ್ಟಿಕ್ ಯಾವ ಕಾಲದಲ್ಲೋ ಪ್ರಾಣ ಬಿಟ್ಟಿತ್ತು. ಮೇಷ್ಟ್ರು ಕೊರಳ ಸೀಟಿಯ ದಾರದಿಂದಲೇ ಸೊಂಟಕ್ಕೆ ಬಿಗಿದು ಗಂಟು ಹಾಕಿಕೊಂಡರು. ಹೀಗೆ ಸೀಟಿ ಸೊಂಟದಲ್ಲಿ ನೇತಾಡುತ್ತ, ಬಾತುಕೋಳಿಗಳ ಸಮೇತ, ಅವರು ಜೀವನದಲ್ಲಿ ಮೊದಲ ಸಲ ಕೊಳದ ಏಣಿ ಇಳಿದರು.

ನೀರು ಹೊಟ್ಟೆ ಮುಟ್ಟಿದಾಗ ಅವರು ಹಾಕಿದ ಕೂಗಿಗೆ ಟಿಕೆಟ್ ಅಕ್ಕ ಬೀಗದ ಕೈ ಸಮೇತ ಓಡಿ ಬಂದಳು. ಅವಳ ಹಿಂದೆ ಲೈಫ್‌ಗಾರ್ಡ್, ಬಾಯಲ್ಲಿ ಅರ್ಧ ಬಾಳೆಹಣ್ಣು. ಇಬ್ಬರೂ ನೀರಿನಲ್ಲಿ ಏಣಿ ತಬ್ಬಿಕೊಂಡು ನಿಂತಿದ್ದ ಮೇಷ್ಟ್ರನ್ನು ನೋಡಿದರು. ಹೆಡ್‌ಮಿಸ್ಸನ್ನು ನೋಡಿದರು. ಬಾತುಕೋಳಿಗಳನ್ನು ನೋಡಿದರು. ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

"ಅಯ್ಯೋ, ಹಾಗಾದ್ರೆ ಆ ನದಿ?" ಎಂದಳು ಟಿಕೆಟ್ ಅಕ್ಕ.

"ನದಿ ಸುದ್ದಿ ಬಿಡಿ, ನಾಲ್ಕು ಗಂಟೆ ಸುದ್ದಿ ನೋಡಿ," ಎಂದರು ಹೆಡ್‌ಮಿಸ್ಸು.

ನಗುತ್ತಾರೆಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಯಾರೂ ನಗಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಶುರುಮಾಡಿದರು: ಮೂವರೂ ಒಟ್ಟಿಗೆ ಕಲಿಸತೊಡಗಿದರು. ಮೂವರೂ ಮೇಷ್ಟ್ರ ಶಿಷ್ಯರು. ಮೂವರ ಬಾಯಲ್ಲಿಯೂ ಇದ್ದದ್ದು ಮೇಷ್ಟ್ರದೇ ಮಾತು.

"ನೀರನ್ನ ಹಾಸಿಗೆ ಅಂದ್ಕೊಳ್ಳಿ ಮೇಷ್ಟ್ರೇ!" ಎಂದಳು ಅಕ್ಕ. ಮೇಷ್ಟ್ರು ಅಂದುಕೊಂಡು ಮಲಗಿದರು. ಯಾವ ಹಾಸಿಗೆಯೂ ಹೀಗೆ ಮೂಗಿನೊಳಗೆ ನುಗ್ಗುವುದಿಲ್ಲ. ಕೆಮ್ಮುತ್ತ ಎದ್ದು, 'ಈ ಮಾತನ್ನು ಮೂರು ಸಾವಿರ ಜನಕ್ಕೆ ಹೇಳಿದೆನಲ್ಲ ದೇವರೇ,' ಎಂದು ನೊಂದುಕೊಂಡರು.

"ಹೆದರ್ಬೇಡಿ ಮೇಷ್ಟ್ರೇ!" ಎಂದು ಲೈಫ್‌ಗಾರ್ಡ್ ಅಬ್ಬರಿಸಿದ. ಅದೂ ಮೇಷ್ಟ್ರ ಮಾತೇ. ಹೆದರಿದವನಿಗೆ ಹೆದರಬೇಡ ಎಂದರೆ ಇನ್ನೂ ಹೆಚ್ಚು ಹೆದರುತ್ತಾನೆ ಎಂಬುದು ದಡದ ಮೇಲೆ ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ಮಾತು ಕಮ್ಮಿ, ಕಾಲು ಜಾಸ್ತಿ!" ಎಂದರು ಇಬ್ಬರೂ ಒಟ್ಟಿಗೆ. ಕೊಳದಲ್ಲಿ ಯಾರಾದರೂ ಹರಟಿದರೆ ಮೇಷ್ಟ್ರು ಕೂಗುತ್ತಿದ್ದ ಮಾತದು. ಮೇಷ್ಟ್ರು ಕಾಲು ಬಡಿದರು. ನೀರೆಲ್ಲ ಟಿಕೆಟ್ ಅಕ್ಕನ ಮೇಲೆ ಬಿತ್ತು, ಅವರು ಮಾತ್ರ ಇದ್ದಲ್ಲೇ ಇದ್ದರು.

ಎರಡು ಗಂಟೆಗೆ ಅವರು ಏಣಿಗೆ ಹಣೆ ಒತ್ತಿ ನಿಂತುಬಿಟ್ಟರು. "ನನ್ನ ಕೈಲಿ ಆಗಲ್ಲ ಅಮ್ಮ. ಹೋಗಿ ನಿಜ ಹೇಳಿಬಿಡ್ತೀನಿ. ಹತ್ತೊಂಬತ್ತು ವರ್ಷ ಬರೀ ಬಾಯಿ ಬಡ್ಕೊಂಡೆ. ಕಲಿಸಿದ್ದೆಲ್ಲ ಸುಳ್ಳು."

ಹೆಡ್‌ಮಿಸ್ಸು ಉಳಿದಿಬ್ಬರಿಗೆ ಬಾಯಿ ಮುಚ್ಚುವಂತೆ ಕೋಲು ತೋರಿಸಿದರು. ಆಮೇಲೆ ಕುರ್ಚಿಯನ್ನು ದಡದ ಅಂಚಿಗೆ ಎಳೆದುಕೊಂಡು ಕೂತರು.

"ಮೊದಲನೇ ದಿನ ನಾನೂ ಈ ಏಣಿ ಬಿಡ್ಲಿಲ್ಲ, ನೆನಪಿದೆಯಾ? ಹಾಸಿಗೆ ಅಂದ್ರಿ, ಹೆದರ್ಬೇಡಿ ಅಂದ್ರಿ, ಒಂದೂ ನಾಟ್ಲಿಲ್ಲ. ಕೊನೆಗೆ ನಿಮಗೂ ಬೇಜಾರಾಗಿ ಒಂದು ಮಾತು ಅಂದ್ರಿ. 'ಗೋಡೆ ಎಲ್ಲಿಗೂ ಹೋಗಲ್ಲ ಅಮ್ಮ. ನಾನೂ ಹೋಗಲ್ಲ. ಬೇಕಾದಾಗ ಹಿಡ್ಕೊಳ್ಳಿ.' ಅಷ್ಟಕ್ಕೆ ಕೈ ಬಿಟ್ಟೆ. ಅದನ್ನ ಯಾವ ಪುಸ್ತಕದಲ್ಲಿ ಓದಿದ್ರಿ?"

"ಎಲ್ಲೂ ಓದಿಲ್ಲ. ಸುಮ್ಮನೆ ಬಾಯಿಗೆ ಬಂತು."

"ಹಂಗಾದ್ರೆ ಸುಳ್ಳು ಕಲಿಸಿಲ್ಲ. ಗೋಡೆ ಎಲ್ಲಿಗೂ ಹೋಗಲ್ಲ ಮೇಷ್ಟ್ರೇ. ನಾನೂ ಹೋಗಲ್ಲ."

ಮೇಷ್ಟ್ರು ಗೋಡೆಯ ಕಡೆ ನೋಡಿದರು. ಅದು ಅಲ್ಲೇ ಇತ್ತು. ಒಂದು ಕೈ ಬಿಟ್ಟರು. ಆಮೇಲೆ ಇನ್ನೊಂದು. ನೀರು ಒಂದು ಕ್ಷಣ ಯೋಚಿಸಿದಂತೆ ಮಾಡಿ ಅವರನ್ನು ಎತ್ತಿ ಹಿಡಿಯಿತು.

ಆಮೇಲೆ ಹತ್ತೊಂಬತ್ತು ವರ್ಷ ನೋಡಿದ್ದೆಲ್ಲ ಒಂದೊಂದಾಗಿ ಕೈಕಾಲಿಗೆ ಇಳಿಯತೊಡಗಿತು. ಹೆಡ್‌ಮಿಸ್ಸು "ಎಡಮಂಡಿ" ಎಂದರೆ ಸಾಕು, ಎಡಮಂಡಿಯಲ್ಲಿ ಏನು ತಪ್ಪೆಂದು ಅವರಿಗೇ ತಿಳಿಯುತ್ತಿತ್ತು. ಮೂರೂಕಾಲಿಗೆ ಐದು ಮಾರು ಈಜಿದರು. ಮೂರೂಮುಕ್ಕಾಲಿಗೆ ಕೊಳದ ಅಡ್ಡಗಲ ದಾಟಿ ಎದುರು ಗೋಡೆ ಮುಟ್ಟಿ, ಮಗುವಿನಂತೆ ಜೋರಾಗಿ ನಕ್ಕರು. ಆ ಕ್ಷಣ ಅವರಿಗೆ ಕೆಲಸವೂ ನೆನಪಿರಲಿಲ್ಲ, ಅಧಿಕಾರಿಯೂ ನೆನಪಿರಲಿಲ್ಲ. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ.

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದರು. ಕಂಕುಳಲ್ಲಿ ಫೈಲು ಇಟ್ಟುಕೊಂಡ ಸಣಕಲು ಮನುಷ್ಯ. ದಡದ ತುಂಬ ಜನ. ಮ್ಯಾನೇಜರು ಶಾಲು ಹೊದಿಸಿ ಹೆಮ್ಮೆಯಿಂದ ಮೇಷ್ಟ್ರನ್ನು ಮುಂದೆ ತಂದು ನಿಲ್ಲಿಸಿದರು. ಶಾಲಿನ ಕೆಳಗೆ ಬಾತುಕೋಳಿಗಳು ಇಣುಕುತ್ತಿದ್ದವು.

ಅಧಿಕಾರಿ ಫೈಲು ಬಿಚ್ಚಿದರು. ಅದರೊಳಗೆ ತಮ್ಮದೇ ಕೈಬರಹದ ಒಂದು ನೀಲಿ ಲಕೋಟೆ ಕಂಡದ್ದೇ ಹೆಡ್‌ಮಿಸ್ಸು ಕುರ್ಚಿಯಿಂದ ಎದ್ದರು. "ಮೇಷ್ಟ್ರೇ, ಒಂದು ನಿಮಿಷ! ನೀರಿಗಿಳೀಬೇಡಿ! ಆ ಫೈಲಲ್ಲಿರೋದು..."

"ಮಾತು ಕಮ್ಮಿ, ಕಾಲು ಜಾಸ್ತಿ ಅಮ್ಮ!" ಎಂದು ಮೇಷ್ಟ್ರು ಶಾಲು ಮ್ಯಾನೇಜರ ಮೇಲೆಸೆದು ನೀರಿಗೆ ಹಾರಿದರು.

ಹಾರಿದ ಸದ್ದು ತೆಂಗಿನ ಗೊನೆ ಬಿದ್ದಂತಿತ್ತು. ಆದರೆ ಎದ್ದರು. ಹದಿನೇಳು ಸಲ ಕೈ ಬೀಸಿ, ನಾಲ್ಕು ಸಲ ನೀರು ಕುಡಿದು, ಎದುರು ಗೋಡೆ ಮುಟ್ಟಿಯೇಬಿಟ್ಟರು. ಕೊಳ ಸೂರು ಹಾರಿಹೋಗುವಂತೆ ಚಪ್ಪಾಳೆ ತಟ್ಟಿತು. ಲೈಫ್‌ಗಾರ್ಡ್ ಕಣ್ಣೊರೆಸಿಕೊಂಡ. ಹೆಡ್‌ಮಿಸ್ಸು ಮಾತ್ರ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

ಅಧಿಕಾರಿ 'ಈಜು ಬರುತ್ತದೆ' ಎಂದು ಬರೆದು ಸಹಿ ಹಾಕಿ, ನಿಟ್ಟುಸಿರು ಬಿಟ್ಟರು. "ಛೆ. ಇಷ್ಟು ದೂರ ಬಂದಿದ್ದು ದಂಡವಾಯ್ತು."

"ಯಾಕೆ ಸಾರ್? ಪಾಸಾಗ್ಲಿಲ್ವಾ?" ನೀರಿನಿಂದಲೇ ಕೇಳಿದರು ಮೇಷ್ಟ್ರು.

"ಪಾಸು ಫೇಲು ಯಾರು ಕೇಳಿದ್ರು? ನಮ್ಮ ತರಬೇತಿ ಕೋಣೆಗೆ ಪಾಠ ಹೇಳೋರು ಬೇಕಿತ್ತು. ಈಜು ಬರೋ ಮೇಷ್ಟ್ರುಗಳೆಲ್ಲ ತಾವೇ ನೀರಿಗೆ ಹಾರಿ 'ಹೀಗೆ ಮಾಡಿ' ಅಂತಾರೆ, ಬಾಯಲ್ಲಿ ಹೇಳೋಕೆ ಒಬ್ಬರಿಗೂ ಬರಲ್ಲ. ಹೋದ ತಿಂಗಳು ಇಲ್ಲಿಂದ ಒಂದು ಕಾಗದ ಬಂತು. ಈಜೇ ಬರದ ಒಬ್ಬರು ಬರೀ ಕಣ್ಣಲ್ಲಿ ನೋಡಿ, ಬಾಯಲ್ಲಿ ಹೇಳಿ ಮೂರು ಸಾವಿರ ಜನಕ್ಕೆ ಕಲಿಸಿದಾರೆ ಅಂತ. ಅಂಥವರಿದ್ರೆ ಇವತ್ತೇ ಆದೇಶ ಕೊಟ್ಟು ಹೋಗೋಣ ಅಂತ ಬಂದೆ." ಅವರು ಟೈಪು ಮಾಡಿ ತಂದಿದ್ದ ಆದೇಶವನ್ನು ಎತ್ತಿ ತೋರಿಸಿದರು. ಹೆಸರಿನ ಜಾಗ ಖಾಲಿಯಿತ್ತು.

ಮೇಷ್ಟ್ರ ಕಣ್ಣ ಮುಂದೆ ಮೆತ್ತೆ ಹಾಕಿದ ಕುರ್ಚಿ ಒಂದು ಸುತ್ತು ತಿರುಗಿತು. "ಸಾರ್! ನನಗೆ ಈಜು ಬರಲ್ಲ ಸಾರ್! ಖಂಡಿತ ಬರಲ್ಲ!"

"ಮೇಷ್ಟ್ರ ವಿನಯ ನೋಡಿ ಸಾರ್," ಮ್ಯಾನೇಜರು ಮುಂದೆ ಬಂದರು. "ಹರೆಯದಲ್ಲಿ ನದಿ ದಾಟಿದೋರು!"

"ಎರಡು ನದಿ!" ಎಂದಳು ಟಿಕೆಟ್ ಅಕ್ಕ. ಮೇಷ್ಟ್ರ ಮಾನ ಕಾಯಲು ಅವಳು ಯಾವ ನದಿಗೂ ಸಿದ್ಧಳಿದ್ದಳು.

"ಹುಟ್ಟಿದಾಗಿಂದ ಈಜ್ತಾ ಇದಾರೆ ಸಾರ್, ನಾನು ಸಾಕ್ಷಿ," ಎಂದ ಲೈಫ್‌ಗಾರ್ಡ್. ಅವನು ಮೇಷ್ಟ್ರಿಗಿಂತ ಇಪ್ಪತ್ತಾರು ವರ್ಷ ಚಿಕ್ಕವನು.

"ಎಲ್ಲ ಸುಳ್ಳು," ಎಂದು ಹೆಡ್‌ಮಿಸ್ಸು ಕೋಲನ್ನು ನೆಲಕ್ಕೆ ಕುಟ್ಟಿದರು. ಕೊಳವೇ ತರಗತಿಯಂತೆ ಸುಮ್ಮನಾಯಿತು. "ಆ ಕಾಗದ ಬರೆದೋಳು ನಾನು. ಬೆಳಗ್ಗೆವರೆಗೂ ಇವರಿಗೆ ಈಜು ಬರ್ತಿರ್ಲಿಲ್ಲ. ಮಧ್ಯಾಹ್ನ ಒಂದರಿಂದ ನಾನೇ ಕಲಿಸಿದೆ. ಆ ಕೆಲಸ ಇವರಿಗೇ ಸಲ್ಲಬೇಕು."

ಅಧಿಕಾರಿ ಕನ್ನಡಕ ಮೇಲೇರಿಸಿದರು. "ನೀವು ಕಲಿಸಿದ್ರಾ? ನೀರಿಗಿಳಿದು?"

"ಇಲ್ಲ. ಮಂಡಿ ನೋವು. ಈ ಕುರ್ಚಿ ಮೇಲೆ ಕೂತು."

"ನೀವು ಎಷ್ಟು ವರ್ಷದಿಂದ ಈಜ್ತಾ ಇದೀರಿ?"

"ವರ್ಷ ಎಲ್ಲಿಂದ ಬಂತು, ಎರಡು ತಿಂಗಳು."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನೀವು ಕಲಿಸಿದ್ದು ಹತ್ತೊಂಬತ್ತು ವರ್ಷದಲ್ಲಿ. ಇವರು ಎರಡು ತಿಂಗಳ ಈಜು ಇಟ್ಕೊಂಡು, ಕೂತಲ್ಲಿಂದ ಏಳದೆ, ಮೂರೇ ಗಂಟೇಲಿ ಕಲಿಸಿದಾರೆ. ಅದೂ ನಿಮ್ಮಂಥವರಿಗೆ." ಖಾಲಿ ಜಾಗದಲ್ಲಿ ಹೆಡ್‌ಮಿಸ್ಸಿನ ಹೆಸರು ತುಂಬಿತು.

"ನನ್ನದೇನಿದೆ ಇದರಲ್ಲಿ? ಎಲ್ಲ ಮೇಷ್ಟ್ರ ಮಾತೇ," ಎಂದು ಹೆಡ್‌ಮಿಸ್ಸು ಆದೇಶ ಹಿಡಿದು ಪೇಚಾಡಿದರು. ಮೇಷ್ಟ್ರು ನೀರಿನಲ್ಲಿ ನಿಂತು ಅವರನ್ನು ನೋಡಿದರು. ಕುರ್ಚಿ ಹೋಯಿತು, ನಿಜ. ಹೊಟ್ಟೆ ಉರಿಯಬೇಕಿತ್ತು. ಯಾಕೋ ಉರಿಯಲಿಲ್ಲ, ನೀರಿನಲ್ಲಿದ್ದುದರಿಂದಲೋ ಏನೋ.

"ಹೋಗಿ ಬನ್ನಿ ಅಮ್ಮ. ನಿಮಗೆ ಕಲಿಸೋಕೆ ಬರುತ್ತೆ. ಆದ್ರೆ ಆ ಹಾಸಿಗೆ ಮಾತು ಮಾತ್ರ ಯಾರಿಗೂ ಹೇಳ್ಕೊಡಬೇಡಿ," ಎಂದರು. ಈಚೆ ದಡದ ಬಳಿ ಬಂದು, ಸೊಂಟದ ಗಂಟು ಬಿಚ್ಚಿ ಸೀಟಿಯನ್ನೂ ಅವರಿಗೇ ಕೊಟ್ಟು, ಇನ್ನೊಂದು ಕೈಯಿಂದ ಬಾತುಕೋಳಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮ್ಯಾನೇಜರು ಅಷ್ಟರಲ್ಲಿ ಇನ್ನೊಂದು ಕಾಗದ ಅಂಟಿಸುತ್ತಿದ್ದರು. ಇನ್ನು ಮುಂದೆ ಬೆಳಗಿನ ಆರು ಗಂಟೆಯ ಚಿಕ್ಕ ಮಕ್ಕಳ ತಂಡಕ್ಕೆ ಲೈಫ್‌ಗಾರ್ಡ್ ಬದಲು ಮೇಷ್ಟ್ರೇ ನೀರಿಗಿಳಿದು ಕಲಿಸುವರು. "ಬರೋದನ್ನ ಇಷ್ಟು ವರ್ಷ ಮುಚ್ಚಿಟ್ಟಿದ್ದು ಸಾಕು ಮೇಷ್ಟ್ರೇ," ಎಂದು, ಹೆಡ್‌ಮಿಸ್ಸಿನ ಮಾತನ್ನು ಇನ್ನೂ ನಂಬದಿದ್ದ ಅವರು ಪ್ರೀತಿಯಿಂದ ಗದರಿದರು. ಬೆಳಗಿನ ಆರರ ನೀರು ಹೇಗಿರುತ್ತದೆಂದು ತಿಳಿದಿದ್ದ ಲೈಫ್‌ಗಾರ್ಡ್ ಮಾತ್ರ ಆ ಕಾಗದದ ನಾಲ್ಕು ಮೂಲೆಯನ್ನೂ ತಾನೇ ಒತ್ತಿದ.

ಮರುದಿನ ಆರಕ್ಕೆ ಮೇಷ್ಟ್ರು ಹಲ್ಲು ಕಟಕಟಿಸುತ್ತ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಹನ್ನೊಂದು ಮಕ್ಕಳು ಏಣಿಗೆ ಜೇನುಹುಳುಗಳಂತೆ ಅಂಟಿಕೊಂಡಿದ್ದವು. ಭಾಷಣ ಮಾಡೋಣವೆಂದು ಬಾಯಿ ತೆರೆದರೆ ಚಳಿಗೆ ಮಾತೇ ಹೊರಡಲಿಲ್ಲ. ತುದಿಯಲ್ಲಿದ್ದ ಒಬ್ಬಳು ಪುಟ್ಟ ಹುಡುಗಿ ಅನುಮಾನದಿಂದ ಕೇಳಿದಳು.

"ಮೇಷ್ಟ್ರೇ, ನಿಮಗೆ ಈಜು ಬರುತ್ತಾ?"

"ನಿನ್ನೆಯಿಂದ ಬರುತ್ತೆ ಪುಟ್ಟೀ," ಎಂದರು ಮೇಷ್ಟ್ರು.

ಹುಡುಗಿ ಸ್ವಲ್ಪ ಯೋಚಿಸಿ, ಇವರೇನೂ ತನಗಿಂತ ಬಹಳ ಮುಂದಿಲ್ಲ ಎಂದು ಧೈರ್ಯ ತಂದುಕೊಂಡು, ಏಣಿಯಿಂದ ಒಂದು ಕೈ ಬಿಟ್ಟಳು.